ವಿದೇಶಕ್ಕೆ ಹೊರಟವರ ಮೊಬೈಲ್ ಡೇಟಾ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಹೊರದೇಶಕ್ಕೆ ಹೊರಟವರು ಕೇಳುವ ಪ್ರಶ್ನೆಗಳಿವು. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮ, ಅಡಿಕೆ ಕೊಯ್ಲು ಮುಗಿಸಿ ಗುಂಪು ಕಟ್ಟಿಕೊಂಡು ಥಾಯ್ಲೆಂಡ್ ನೋಡಲು ಹೊರಟ ತೋಟದವರು, ಉಮ್ರಾಕ್ಕೆ ಹೊರಟ ಕುಟುಂಬ, ಜರ್ಮನಿಗೆ ಓದಲು ಹೊರಟ ಹುಡುಗ, ಇವರೆಲ್ಲರಿಗೂ ಒಂದೇ ಪ್ಯಾಕ್ ಹೇಳಲು ಬರುವುದಿಲ್ಲ. ದರಗಳನ್ನು ಇಲ್ಲಿ ಬರೆದಿಲ್ಲ. ಅವು ಬದಲಾಗುತ್ತಲೇ ಇರುತ್ತವೆ, ಹೊರಡುವ ವಾರ ನಿಮ್ಮ ಕಂಪನಿಯ ಆ್ಯಪ್‌ನಲ್ಲೇ ನೋಡಿಕೊಳ್ಳಿ.

ಹೊರದೇಶದಲ್ಲಿ ನೆಟ್ ಬೇಕು ಅಂದ್ರೆ ಒಟ್ಟು ಎಷ್ಟು ದಾರಿ ಇದೆ?

ಒಂದು, ಈಗಿರುವ ಸಿಮ್‌ಗೇ ನಿಮ್ಮ ಕಂಪನಿಯ ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಹಾಕಿಸುವುದು. ಎರಡು, ಅಲ್ಲಿ ಇಳಿದ ಮೇಲೆ ಆ ದೇಶದ ಸಿಮ್ ಕೊಳ್ಳುವುದು. ಮೂರು, ಇಲ್ಲಿಂದಲೇ ಪ್ರವಾಸಿಗರ ಇ-ಸಿಮ್ (ಪ್ಲಾಸ್ಟಿಕ್ ತುಂಡಿಲ್ಲದ ಸಿಮ್) ಕೊಂಡು ಫೋನಿಗೆ ಇಳಿಸಿಕೊಳ್ಳುವುದು. ನಾಲ್ಕನೆಯದು ಹೋಟೆಲ್ ವೈಫೈ ನಂಬಿಕೊಂಡು ಏನನ್ನೂ ಕೊಳ್ಳದಿರುವುದು. ಅದನ್ನು ದಾರಿ ಅಂತ ನಾನು ಎಣಿಸುವುದಿಲ್ಲ. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಹೋಗುವ ಟ್ಯಾಕ್ಸಿಯಲ್ಲೇ ನೆಟ್ ಅತಿ ಹೆಚ್ಚು ಬೇಕಾಗುವುದು, ಅಲ್ಲಿ ವೈಫೈ ಇರುವುದಿಲ್ಲ.

ಸುತ್ತಿ ಬಳಸಿ ಹೇಳ್ಬೇಡಿ. ನಾನು ಯಾವುದು ತಗೊಳ್ಲಿ?

ಒಂದೇ ದೇಶ, ಒಂದು ವಾರದ ಒಳಗೆ, ಫೋನಿನ ಸೆಟ್ಟಿಂಗ್ಸ್ ಮುಟ್ಟಲು ಹೆದರಿಕೆ: ನಿಮ್ಮ ಕಂಪನಿಯ ರೋಮಿಂಗ್ ಪ್ಯಾಕ್. ನಾಲ್ಕು ಕಾಸು ಹೆಚ್ಚಾದರೂ ಸರಿ.

ಎರಡು ಮೂರು ದೇಶ ಸುತ್ತುವುದಿದ್ದು, ಫೋನಿನಲ್ಲಿ ಇ-ಸಿಮ್ ಸೌಲಭ್ಯವಿದ್ದರೆ: ಆ ಪ್ರದೇಶದ ಇ-ಸಿಮ್.

ಎರಡು ವಾರಕ್ಕಿಂತ ಹೆಚ್ಚು ಒಂದೇ ಕಡೆ ಇರುವುದಿದ್ದರೆ: ಅಲ್ಲಿನ ಸಿಮ್.

ಈ ಮೂರರಲ್ಲಿ ಯಾವುದನ್ನೇ ಆರಿಸಿದರೂ ನಿಮ್ಮ ಊರಿನ ನಂಬರ್ ಜೀವಂತವಾಗಿರಬೇಕು. ಜಿಬಿ ಎಷ್ಟು, ದರ ಎಷ್ಟು ಅಂತ ಗಂಟೆಗಟ್ಟಲೆ ಹೋಲಿಸಿ ನೋಡುವವರೂ ಇದನ್ನು ಮರೆಯುತ್ತಾರೆ. ಡೇಟಾ ಖಾಲಿಯಾದರೆ ಎಲ್ಲಿ ಬೇಕಾದರೂ ಕೊಳ್ಳಬಹುದು, ಬ್ಯಾಂಕಿನ ಒಟಿಪಿ ಬೇರೆ ಯಾವ ನಂಬರಿಗೂ ಬರುವುದಿಲ್ಲ.

ಹಾಗಾದ್ರೆ ಊರಿನ ಸಿಮ್ ತೆಗೆದು ಮನೇಲಿ ಇಟ್ಟು ಹೋಗಬಾರದಾ?

ಖಂಡಿತ ಬೇಡ. ಹೊರದೇಶದಲ್ಲಿದ್ದಾಗ ಕಾರ್ಡಿನಿಂದ ಆನ್‌ಲೈನ್‌ನಲ್ಲಿ ಹಣ ಕಟ್ಟಿದರೆ, ನೆಟ್ ಬ್ಯಾಂಕಿಂಗ್ ತೆರೆದರೆ, ಆಧಾರ್‌ನಿಂದ ಏನಾದರೂ ದೃಢೀಕರಿಸಬೇಕಾದರೆ ಒಟಿಪಿ ಬರುವುದು ಆ ನಂಬರಿಗೇ. ಯುಪಿಐ ಆ್ಯಪ್‌ಗಳೂ ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದೆಯೇ ಎಂದು ನೋಡುತ್ತವೆ. ಹೊಸ ಫೋನಿನಲ್ಲಿ ನೋಂದಣಿ ಮಾಡುವಾಗ ಅದೇ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು.

ನಮ್ಮ ಕಡೆಗೆ ಇಲ್ಲೊಂದು ಸಮಸ್ಯೆ ಇದೆ. ಮಲೆನಾಡಿನ ಬಹಳ ಜನರ ಫೋನಿನಲ್ಲಿ ಈಗಾಗಲೇ ಎರಡು ಸಿಮ್ ಕೂತಿರುತ್ತವೆ. ಮನೆ ಹತ್ತಿರ ಸಿಗ್ನಲ್ ಸಿಗಲಿ ಅಂತ ಬಿಎಸ್ಎನ್ಎಲ್, ಪೇಟೆಗೆ ಬಂದಾಗ ನೆಟ್ ಓಡಲಿ ಅಂತ ಜಿಯೋ ಅಥವಾ ಏರ್‌ಟೆಲ್. ಇ-ಸಿಮ್ ಸೌಲಭ್ಯವಿಲ್ಲದ ಫೋನಾದರೆ ಅಲ್ಲಿನ ಸಿಮ್ ಹಾಕಲು ಜಾಗವೇ ಇಲ್ಲ. ಬ್ಯಾಂಕು, ಆಧಾರ್ ಎರಡಕ್ಕೂ ಕೊಟ್ಟ ನಂಬರ್ ಯಾವುದೋ ಅದು ಉಳಿಯಲಿ, ಇನ್ನೊಂದು ಹೊರಗೆ ಬರಲಿ. ತೆಗೆದ ಸಿಮ್ ಅನ್ನು ಪ್ಯಾಂಟಿನ ಜೇಬಿಗೆ, ಪರ್ಸಿನ ಚಿಲ್ಲರೆ ಜೊತೆಗೆ ಹಾಕಬೇಡಿ. ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಪಾಸ್‌ಪೋರ್ಟ್ ಹೊದಿಕೆಯ ಒಳಮಡಿಕೆಗೆ ಟೇಪು ಹಚ್ಚಿ ಅಂಟಿಸಿ. ಸಿಮ್ ಟ್ರೇ ತೆಗೆಯುವ ಪಿನ್ನೂ ಅಲ್ಲೇ ಇರಲಿ. ವಿಮಾನ ನಿಲ್ದಾಣದಲ್ಲಿ ಕಿವಿಯೋಲೆಯ ಕಡ್ಡಿಯಿಂದ ಟ್ರೇ ತೆಗೆಯಲು ಒದ್ದಾಡುವವರನ್ನು ನೋಡಬೇಕು!

ಬ್ಯಾಂಕಿಗೆ ಕೊಟ್ಟಿದ್ದು ಬಿಎಸ್ಎನ್ಎಲ್ ನಂಬರ್. ಅದು ಹೊರದೇಶದಲ್ಲಿ ನಡೆಯುತ್ತಾ?

ನೀವು ಹೋಗುವ ದೇಶದ ಹೆಸರು ಹೇಳಿ ಗ್ರಾಹಕ ಸೇವಾ ಕೇಂದ್ರದಲ್ಲೇ ಕೇಳಿ. ಪ್ರೀಪೇಯ್ಡ್ ಆದರೆ ಅದನ್ನೂ ಹೇಳಿ. ಪೋಸ್ಟ್‌ಪೇಯ್ಡ್‌ಗೆ ಸಿಗುವ ದೇಶಗಳೆಲ್ಲ ಪ್ರೀಪೇಯ್ಡ್‌ಗೂ ಸಿಗುತ್ತವೆ ಅಂತ ಯಾವ ಕಂಪನಿಯಲ್ಲೂ ಭಾವಿಸಬೇಡಿ. ರೋಮಿಂಗ್ ಚಾಲೂ ಮಾಡಿಸುವ ಕೆಲಸ ಊರು ಬಿಡುವ ಮೊದಲೇ ಆಗಬೇಕು. ಆ ದೇಶದಲ್ಲಿ ನಡೆಯುವುದಿಲ್ಲ ಅಂತ ಗೊತ್ತಾದರೆ ಬ್ಯಾಂಕಿಗೆ ಹೋಗಿ ನಂಬರ್ ಬದಲಿಸಿ, ಅಥವಾ ನಂಬರನ್ನೇ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ. ಎರಡಕ್ಕೂ ದಿನ ಹಿಡಿಯುತ್ತದೆ. ಸಿಮ್ ಕಳೆದು ಬದಲಿ ಸಿಮ್ ಪಡೆದಿದ್ದರೆ 7 ದಿನ ಪೋರ್ಟ್ ಮಾಡಲು ಬಿಡುವುದಿಲ್ಲ, 2024ರ ಜುಲೈ 1ರಿಂದ ಬಂದ ನಿಯಮ ಇದು. ಟಿಕೆಟ್ ಬುಕ್ ಮಾಡಿದ ವಾರವೇ ಈ ಕೆಲಸ ಹಿಡಿದುಕೊಳ್ಳಿ.

ಒಟಿಪಿ ಬಂದ್ರೆ ದುಡ್ಡು ಕಡಿಯುತ್ತಾ?

ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಇಲ್ಲ. ನೀವು ಕಳಿಸುವುದಕ್ಕೆ, ಮಾಡುವ ಕರೆಗೆ, ಬರುವ ಕರೆಗೆ ಕಡಿಯುತ್ತದೆ. ನಮ್ಮವರು ಎಡವುವುದು ಬರುವ ಕರೆಯಲ್ಲಿ. ರೋಮಿಂಗ್‌ನಲ್ಲಿ ಎತ್ತಿದ ಪ್ರತಿ ಕರೆಗೂ ಲೆಕ್ಕವಿದೆ. ಮಂಡಿಯಿಂದ ರಾಶಿ ಇಡಿ ಅಡಿಕೆಯ ರೇಟು ಹೇಳಲು ಬಂದ ಫೋನು, ಸೊಸೈಟಿಯಿಂದ ಬಂದ ಫೋನು, ಸಾಲ ಬೇಕಾ ಅಂತ ಕೇಳುವ ಫೋನು ಎಲ್ಲಕ್ಕೂ ನಿಮ್ಮದೇ ಖರ್ಚು. ಹೊರಡುವ ಮುಂಚೆ ‘ವಾಟ್ಸಪ್‌ನಲ್ಲೇ ಮಾಡಿ’ ಅಂತ ನಾಲ್ಕು ಜನಕ್ಕೆ ಹೇಳಿಬಿಡಿ. ಕರೆ ಎತ್ತದಿದ್ದರೆ ಬೇರೆ ನಂಬರಿಗೆ ಹೋಗುವಂತೆ ಫಾರ್ವರ್ಡ್ ಇಟ್ಟಿದ್ದರೆ ಅದನ್ನೂ ತೆಗೆಯಿರಿ, ಇಲ್ಲದಿದ್ದರೆ ಎತ್ತದ ಕರೆಗೂ ಹಣ ಹೋಗಬಹುದು. ಡಯಲ್ ಪ್ಯಾಡ್‌ನಲ್ಲಿ ##002# ಒತ್ತಿ ಕರೆ ಮಾಡಿದರೆ ಎಲ್ಲ ಫಾರ್ವರ್ಡ್ ರದ್ದಾಗುತ್ತದೆ.

ಇ-ಸಿಮ್ ಅಂದ್ರೆ ಏನು? ನನ್ನ ಫೋನಲ್ಲಿ ಆಗುತ್ತಾ?

ಪ್ಲಾಸ್ಟಿಕ್ ತುಂಡಿನ ಬದಲು ಫೋನಿನೊಳಗೇ ಇರುವ ಚಿಪ್ಪಿಗೆ ಸಿಮ್‌ನ ವಿವರ ಇಳಿಸಿಕೊಳ್ಳುವುದು. ಕಂಪನಿ ಒಂದು ಕ್ಯೂಆರ್ ಕೋಡ್ ಕಳಿಸುತ್ತದೆ, ಸ್ಕ್ಯಾನ್ ಮಾಡಿದರೆ ಸಿಮ್ ಸಿದ್ಧ. ನಿಮ್ಮ ಫೋನಿನಲ್ಲಿದೆಯೇ ತಿಳಿಯಲು *#06# ಒತ್ತಿ. ಫೋನಿನ ಗುರುತಾದ ಐಎಂಇಐ ನಂಬರುಗಳ ಜೊತೆ ಇಐಡಿ ಎಂಬ ಉದ್ದನೆಯ ನಂಬರೂ ಕಾಣಿಸಿದರೆ ಇದೆ. 2018ರ ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ನಂತರದ ಐಫೋನ್‌ಗಳಲ್ಲಿ, ಗ್ಯಾಲಕ್ಸಿ ಎಸ್20 ನಂತರದ ಎಸ್ ಸಾಲಿನ ಫೋನ್‌ಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಹದಿನೈದು ಸಾವಿರದ ಒಳಗಿನ ಬಹುಪಾಲು ಫೋನ್‌ಗಳಲ್ಲಿ ಇರುವುದಿಲ್ಲ.

ಊರಿನ ಸಿಮ್ ಅನ್ನೇ ಇ-ಸಿಮ್ ಮಾಡಿಸಿ ಆ ಜಾಗದಲ್ಲಿ ಹೊರದೇಶದ ಸಿಮ್ ಹಾಕುವ ಉಪಾಯವೂ ಉಂಟು, ಒಳ್ಳೆಯದೇ. ಆದರೆ ಸಿಮ್ ಬದಲಾದಾಗ ವಂಚನೆ ತಡೆಯಲೆಂದು 24 ಗಂಟೆ ಎಸ್‌ಎಂಎಸ್ ನಿಲ್ಲಿಸುವ ಪದ್ಧತಿ ಇದೆ. ಬೆಂಗಳೂರಿನ ಬಸ್ಸು ಹತ್ತುವ ಸಂಜೆ ಇದನ್ನು ಮಾಡಿಸಿದರೆ ಇಡೀ ಪ್ರಯಾಣದಲ್ಲಿ ಒಟಿಪಿ ಇರುವುದಿಲ್ಲ.

ಇ-ಸಿಮ್ ಎಲ್ಲಿ ಕೊಳ್ಳೋದು? ಆ್ಯಪ್ ಸಿಗ್ತಾನೇ ಇಲ್ಲ ಅಂತಾರಲ್ಲ?

ಹೊರದೇಶದ ಕಂಪನಿಗಳ ಸಿಮ್‌ಗಳನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಆ ಕಾರಣಕ್ಕೇ 2024ರ ಜನವರಿಯಲ್ಲಿ ಏರಾಲೊ, ಹೊಲಾಫ್ಲೈ ಎಂಬ ಎರಡು ಹೆಸರುವಾಸಿ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಸ್ಟೋರ್‌ಗಳಿಂದ ತೆಗೆಸಿದ್ದರು. ಕೊಳ್ಳುವ ಮೊದಲು ಮಾರುವವರಿಗೆ ಪರವಾನಗಿ ಇದೆಯೇ ನೋಡಿ. ಫೇಸ್‌ಬುಕ್ ಜಾಹೀರಾತಿನಲ್ಲಿ ಅಗ್ಗಕ್ಕೆ ಕಂಡದ್ದನ್ನೆಲ್ಲ ಕೊಳ್ಳಬೇಡಿ. ಪಾಸ್‌ಪೋರ್ಟ್ ಪ್ರತಿ ಕೇಳದೆಯೇ ಕೊಡುವ ಅಂಗಡಿ ಸಿಕ್ಕರೆ ನಾನಂತೂ ಅನುಮಾನಪಡುತ್ತೇನೆ.

ಇ-ಸಿಮ್ ಅನ್ನು ಯಾವಾಗ ಫೋನಿಗೆ ಇಳಿಸಿಕೊಳ್ಳಬೇಕು?

ಮನೆಯಲ್ಲೇ, ಹೊರಡುವ ಒಂದೆರಡು ದಿನ ಮೊದಲು. ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಇಲ್ಲದ ಕಡೆ ಇಳಿದು ನೆಟ್ ಕೊಡುವ ಸಿಮ್ ಹಾಕಿಕೊಳ್ಳುತ್ತೇನೆ ಅಂದರೆ ಆಗುವ ಮಾತಲ್ಲ. ಮಳೆಗಾಲವಾದರೆ ಇನ್ನೂ ಎರಡು ದಿನ ಮುಂಚೆ. ಕರೆಂಟು ಹೋಗಿ ಟವರ್ ಬ್ಯಾಟರಿ ಮುಗಿದು, ಮರ ಬಿದ್ದು ಫೈಬರ್ ತಂತಿ ಹರಿದ ದಿನವೇ ನಿಮ್ಮ ಪ್ರಯಾಣವೂ ಇರುತ್ತದೆ.

ಕ್ಯೂಆರ್ ಕೋಡ್ ಅದೇ ಫೋನಿನಲ್ಲಿದ್ದರೆ ಅದೇ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡುವುದು ಕಷ್ಟ. ಮನೆಯವರ ಫೋನಿಗೆ ಕಳಿಸಿ, ಅದರ ಪರದೆಯಲ್ಲಿ ತೆರೆದ ಕೋಡನ್ನು ನಿಮ್ಮ ಫೋನಿನಿಂದ ಸ್ಕ್ಯಾನ್ ಮಾಡಿ, ಅಥವಾ ಪ್ರಿಂಟ್ ತೆಗೆಸಿ. ಹೆಚ್ಚಿನ ಕೋಡ್‌ಗಳು ಒಮ್ಮೆ ಮಾತ್ರ ನಡೆಯುತ್ತವೆ, ಆದ್ದರಿಂದ ಇಳಿಸಿಕೊಂಡ ಮೇಲೆ ಕೆಲಸ ಮಾಡುತ್ತಿಲ್ಲ ಅಂತ ಡಿಲೀಟ್ ಮಾಡಲು ಹೋಗಬೇಡಿ. ಇಲ್ಲಿ ಅದು ಕೆಲಸ ಮಾಡುವುದೂ ಇಲ್ಲ. ಆಫ್ ಮಾಡಿಟ್ಟು ಅಲ್ಲಿ ಇಳಿದ ಮೇಲೆ ಆನ್ ಮಾಡಿ.

ಡೇಟಾ ರೋಮಿಂಗ್ ಆನ್ ಇರಬೇಕಾ, ಆಫ್ ಇರಬೇಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎಲ್ಲರೂ ಸರಿಯಾಗಿಯೇ ಹೇಳುತ್ತಿರುತ್ತಾರೆ, ಯಾವ ಸಿಮ್ ಬಗ್ಗೆ ಅಂತ ಮಾತ್ರ ಹೇಳುವುದಿಲ್ಲ. ಈ ಬಟನ್ ಪ್ರತಿ ಸಿಮ್‌ಗೂ ಬೇರೆ ಬೇರೆ ಇರುತ್ತದೆ.

ನಿಮ್ಮ ಕಂಪನಿಯ ರೋಮಿಂಗ್ ಪ್ಯಾಕ್ ಹಾಕಿಸಿದ್ದರೆ ಊರಿನ ಸಿಮ್‌ಗೆ ಆನ್. ಆನ್ ಮಾಡದೆ ನೆಟ್ ಬರುವುದಿಲ್ಲ.

ಇ-ಸಿಮ್ ಕೊಂಡಿದ್ದರೆ ಊರಿನ ಸಿಮ್‌ಗೆ ಆಫ್, ಇ-ಸಿಮ್‌ಗೆ ಆನ್. ಪ್ರವಾಸಿಗರ ಇ-ಸಿಮ್‌ಗಳಲ್ಲಿ ಎಷ್ಟೋ ಆ ದೇಶದ ಕಂಪನಿಯದ್ದೇ ಆಗಿರುವುದಿಲ್ಲ, ಮೂರನೆಯ ಯಾವುದೋ ದೇಶದ ಸಿಮ್ ಅಲ್ಲಿ ರೋಮಿಂಗ್ ಮಾಡುತ್ತಿರುತ್ತದೆ. ‘ದುಡ್ಡು ಕೊಟ್ಟು ಕೊಂಡೆ, ನಾಲ್ಕು ಕಡ್ಡಿ ಸಿಗ್ನಲ್ ಇದೆ, ನೆಟ್ ಮಾತ್ರ ಬರ್ತಿಲ್ಲ’ ಎನ್ನುವ ದೂರುಗಳಲ್ಲಿ ಬಹುಪಾಲು ಇಲ್ಲೇ ಬಗೆಹರಿಯುತ್ತವೆ.

ಇನ್ನೊಂದು ಬಟನ್ ಐಫೋನ್‌ಗಳಲ್ಲಿದೆ. ಒಂದು ಸಿಮ್‌ನಲ್ಲಿ ನೆಟ್ ಸಿಗದಿದ್ದರೆ ಇನ್ನೊಂದಕ್ಕೆ ತಾನಾಗಿ ಬದಲಾಯಿಸುವ ಸೆಟ್ಟಿಂಗ್ ಅದು. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಇರುತ್ತದೆ, ಆಫ್ ಮಾಡಿ. ಎರಡೂ ಸಿಮ್‌ಗಳಿಗೆ ಸೆಟ್ಟಿಂಗ್ಸ್‌ನಲ್ಲಿ ‘ಊರು’, ‘ಪ್ರವಾಸ’ ಅಂತ ಹೆಸರು ಕೊಟ್ಟುಬಿಡಿ. ಸಿಮ್ 1, ಸಿಮ್ 2 ಅಂತಿದ್ದರೆ ರಾತ್ರಿ ಎರಡು ಗಂಟೆಗೆ ಇಳಿದಾಗ ಯಾವುದು ಯಾವುದು ಅಂತ ತಲೆ ಓಡುವುದಿಲ್ಲ.

ಪ್ಯಾಕ್ ಹಾಕಿಸದೇ ಡೇಟಾ ಆನ್ ಇದ್ರೆ ಏನಾಗುತ್ತೆ?

ಪ್ರೀಪೇಯ್ಡ್ ಆದರೆ ಇರುವ ಬ್ಯಾಲೆನ್ಸ್ ಕಣ್ಣೆದುರೇ ಕರಗುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಪೋಸ್ಟ್‌ಪೇಯ್ಡ್ ಆದರೆ ಎಂಬಿ ಲೆಕ್ಕದಲ್ಲಿ ಬಿಲ್ ಬೆಳೆಯುತ್ತದೆ. ನೀವು ಫೋನ್ ಮುಟ್ಟದೇ ಇದ್ದರೂ ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್, ವಾಟ್ಸಪ್ ಗುಂಪುಗಳಿಗೆ ಬಿದ್ದ ಶುಭೋದಯದ ವಿಡಿಯೊಗಳು ಒಳಗೊಳಗೇ ಡೇಟಾ ತಿನ್ನುತ್ತಿರುತ್ತವೆ.

ನನಗೆ ಎಷ್ಟು ಜಿಬಿ ಬೇಕಾಗುತ್ತೆ?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ವಾಟ್ಸಪ್‌ನಲ್ಲಿ ಬರೀ ಮಾತಾಡಿದರೆ ನಿಮಿಷಕ್ಕೆ ಸುಮಾರು ಅರ್ಧ ಎಂಬಿ, ಮುಖ ನೋಡಿ ಮಾತಾಡಿದರೆ ಸುಮಾರು ಐದು ಎಂಬಿ. ದಿನಾ ಅರ್ಧ ಗಂಟೆ ಮನೆಗೆ ವಿಡಿಯೊ ಕಾಲ್ ಮಾಡಿದರೂ 150 ಎಂಬಿ ಆಸುಪಾಸು. ಮ್ಯಾಪ್ ನೋಡಿಕೊಂಡು ದಾರಿ ಹಿಡಿಯುವುದಕ್ಕೆ ಲೆಕ್ಕವೇ ಇಲ್ಲದಷ್ಟು ಕಡಿಮೆ. ಡೇಟಾ ತಿನ್ನುವುದು ಯೂಟ್ಯೂಬು, ರೀಲ್ಸು, ನೆಟ್‌ಫ್ಲಿಕ್ಸು. ನೆಟ್‌ಫ್ಲಿಕ್ಸ್‌ನಲ್ಲಿ ಎಚ್‌ಡಿ ಗುಣಮಟ್ಟದ ಒಂದು ಗಂಟೆಗೆ 3 ಜಿಬಿವರೆಗೂ ಹೋಗಬಹುದು. ಅದನ್ನೆಲ್ಲ ಹೋಟೆಲ್ ವೈಫೈಗೆ ಬಿಟ್ಟರೆ ವಾರಕ್ಕೆ ಮೂರರಿಂದ ಐದು ಜಿಬಿ ಧಾರಾಳ.

ನಿಮ್ಮ ಫೋನಿನಲ್ಲೇ ಕಳೆದ ತಿಂಗಳ ಬಳಕೆ ನೋಡಬಹುದು. ಒಂದು ಎಚ್ಚರಿಕೆ: ಮನೆಯಲ್ಲಿ ಫೈಬರ್ ಇದ್ದವರ ಫೋನಿನಲ್ಲಿ ಮೊಬೈಲ್ ಡೇಟಾ ಬಳಕೆ ಬಹಳ ಕಡಿಮೆ ತೋರಿಸುತ್ತದೆ, ವೈಫೈ ಬಳಕೆಯನ್ನೂ ಕೂಡಿಸಿ ನೋಡಿ. ಹೊರಡುವ ಮೊದಲು ಹೋಗುವ ಊರಿನ ಗೂಗಲ್ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ದಾರಿ ಕಾಣುತ್ತದೆ. ಕೊಡಚಾದ್ರಿ ಹತ್ತುವ ನಮ್ಮ ಹುಡುಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಅನ್‌ಲಿಮಿಟೆಡ್ ಪ್ಯಾಕ್ ತಗೊಂಡ್ರೆ ತಲೆನೋವೇ ಇಲ್ವಲ್ಲ?

ಷರತ್ತು ಓದಿ ಆಮೇಲೆ ಹೇಳಿ. ದಿನಕ್ಕೆ ಇಂತಿಷ್ಟು ಜಿಬಿ ಆದ ಮೇಲೆ ವೇಗ ಇಳಿಸುತ್ತಾರೆ. 128 ಕೆಬಿಪಿಎಸ್‌ಗೆ ಇಳಿದರೆ ಮೆಸೇಜ್ ಹೋಗುತ್ತದೆ, ಮ್ಯಾಪ್ ತೆರೆಯಲು ತೂಕಡಿಸಬೇಕು. ಹಾಟ್‌ಸ್ಪಾಟ್ ಕೊಡಲು ಬಿಡದ ಅನ್‌ಲಿಮಿಟೆಡ್‌ಗಳೂ ಇವೆ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಪ್ಯಾಕ್ ಸಾಕು ಅಂತ ಯೋಚಿಸಿದ್ದರೆ ಇದನ್ನು ಮೊದಲು ನೋಡಬೇಕು.

ನಿಜಕ್ಕೂ ಇಬ್ಬರಿಗೆ ಒಂದು ಪ್ಯಾಕ್ ಅನ್ನುವುದೇ ನನಗೆ ಹಿಡಿಸದ ಲೆಕ್ಕ. ಮಾರುಕಟ್ಟೆಯಲ್ಲಿ ಒಬ್ಬರು ಹಿಂದೆ ಉಳಿದರೆ ಹಾಟ್‌ಸ್ಪಾಟೂ ಇಲ್ಲ, ಮನುಷ್ಯರೂ ಇಲ್ಲ. ಇನ್ನೊಬ್ಬರ ಫೋನಿಗೂ ಒಂದು ಜಿಬಿಯ ಅತಿ ಸಣ್ಣ ಪ್ಯಾಕ್ ಹಾಕಿ.

ಪ್ಯಾಕಿನ ದಿನ ಯಾವಾಗಿಂದ ಲೆಕ್ಕ?

ಕೆಲವು ಕೊಂಡ ಕ್ಷಣದಿಂದ, ಕೆಲವು ಅಲ್ಲಿನ ನೆಟ್‌ವರ್ಕ್‌ಗೆ ಮೊದಲ ಸಲ ಸೇರಿದಾಗಿಂದ. ಎರಡನೆಯದನ್ನೇ ಆರಿಸಿ. ‘ಒಂದು ದಿನ’ ಎಂದರೆ ಪೂರ್ತಿ 24 ಗಂಟೆಯೋ ಅಥವಾ ರಾತ್ರಿ ಹನ್ನೆರಡಕ್ಕೆ ಮುಗಿಯುವುದೋ, ಹನ್ನೆರಡಾದರೆ ಯಾವ ದೇಶದ ಹನ್ನೆರಡು ಎಂಬುದನ್ನೂ ನೋಡಿ. ದಾರಿಯಲ್ಲಿ ದೋಹಾದಲ್ಲೋ ದುಬೈಯಲ್ಲೋ ವಿಮಾನ ಬದಲಿಸುವವರು ಅಲ್ಲಿ ಸಿಮ್ ಆನ್ ಮಾಡಿದರೆ ಪ್ಯಾಕ್ ಅಲ್ಲೇ ಶುರುವಾಗಿಬಿಡಬಹುದು. ನಿಲ್ದಾಣದ ವೈಫೈ ಬಳಸಿ.

ಅಮ್ಮ ಬಾಣಂತನಕ್ಕೆ ಅಂತ ಆರು ತಿಂಗಳು ಅಮೆರಿಕಕ್ಕೆ ಹೋಗ್ತಿದ್ದಾರೆ. ಅವರಿಗೆ ಏನು ಮಾಡಿಸೋದು?

ಆರು ತಿಂಗಳಿಗೆ ರೋಮಿಂಗ್ ಪ್ಯಾಕ್ ಹಾಕಿಸುವುದು ದುಡ್ಡಿನ ದಂಡ. ಅಲ್ಲಿನ ಮಗಳು ಅಳಿಯ ತಮ್ಮ ಫ್ಯಾಮಿಲಿ ಪ್ಲಾನ್‌ಗೆ ಇನ್ನೊಂದು ಲೈನ್ ಸೇರಿಸಲಿ, ಇಲ್ಲವೇ ತಿಂಗಳ ಪ್ರೀಪೇಯ್ಡ್ ಕೊಡಿಸಲಿ. ಮೊದಲ ಎರಡು ದಿನಕ್ಕೆ ಬೇಕಿದ್ದರೆ ಇಲ್ಲಿಂದ ಸಣ್ಣದೊಂದು ರೋಮಿಂಗ್ ಪ್ಯಾಕ್ ಇರಲಿ, ಇಮಿಗ್ರೇಷನ್ ಸಾಲಿನಿಂದ ‘ಬಂದೆ’ ಅಂತ ಹೇಳಲು.

ಫೋನ್ ನೋಡಿ. ಅಮೆರಿಕದ ದೊಡ್ಡ ಕಂಪನಿಗಳು 2022ರ ಹೊತ್ತಿಗೆ 3ಜಿ ಮುಚ್ಚಿವೆ, ಆಸ್ಟ್ರೇಲಿಯಾ 2024ರಲ್ಲಿ ಮುಚ್ಚಿತು. ಕರೆ ಹೋಗಬೇಕೆಂದರೆ 4ಜಿಯಲ್ಲೇ ಮಾತಾಡುವ ವೋಲ್ಟಿ ಬೇಕು, ಅದೂ ಆ ಕಂಪನಿ ಒಪ್ಪುವ ಫೋನಿನಲ್ಲಿ. ಎಟಿ ಅಂಡ್ ಟಿ ಕಂಪನಿ ಯಾವ ಫೋನ್‌ಗಳಿಗೆ ಅವಕಾಶ ಎಂದು ಪಟ್ಟಿಯನ್ನೇ ಇಟ್ಟಿದೆ. ಆಸ್ಟ್ರೇಲಿಯಾದಲ್ಲಿ 4ಜಿಯಿಂದ ತುರ್ತು ಕರೆ ಮಾಡಲಾಗದ ಫೋನನ್ನು ನೆಟ್‌ವರ್ಕ್‌ಗೇ ಸೇರಿಸುವುದಿಲ್ಲ. ಇಲ್ಲಿ ಚೆನ್ನಾಗಿ ಓಡುವ ಫೋನು ಅಲ್ಲಿ ವೈಫೈಗೆ ಮಾತ್ರ ಉಪಯೋಗಕ್ಕೆ ಬಂದೀತು. ಐಎಂಇಐ ನಂಬರನ್ನು ಮಗಳಿಗೆ ಕಳಿಸಿ, ಅಲ್ಲಿನ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಲಿ.

ಇನ್ನು ಊರಿನ ನಂಬರ್. ಅಮ್ಮನ ಪಿಂಚಣಿ, ಪಾಸ್‌ಬುಕ್, ಸೊಸೈಟಿ ಖಾತೆ ಎಲ್ಲ ಅದಕ್ಕೇ ಅಂಟಿಕೊಂಡಿದೆ. ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ 90 ದಿನ ಏನನ್ನೂ ಬಳಸದಿದ್ದರೆ ಪ್ರೀಪೇಯ್ಡ್ ನಂಬರ್ ರದ್ದಾಗಬಹುದು. ಖಾತೆಯಲ್ಲಿ 20 ರೂಪಾಯಿಗೆ ಕಡಿಮೆಯಿಲ್ಲದಂತೆ ಇದ್ದರೆ ಅದರಲ್ಲಿ 20 ಕಡಿದು ಇನ್ನೂ 30 ದಿನ ಉಳಿಸುತ್ತಾರೆ. ಆದರೆ ವ್ಯಾಲಿಡಿಟಿ ಮುಗಿದರೆ ಎಸ್‌ಎಂಎಸ್ ಬರುವುದು ಅದಕ್ಕಿಂತ ಎಷ್ಟೋ ಮೊದಲೇ ನಿಲ್ಲಬಹುದು. ಆದ್ದರಿಂದ ಹೊರಡುವ ಮುಂಚೆ ವರ್ಷದ ಕರೆನ್ಸಿ ಹಾಕಿಸಿಬಿಡಿ. ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್‌ಗಳನ್ನೂ ಕೊಡಬೇಕು, ಅವಧಿ 365 ದಿನದವರೆಗೂ ಇರಬಹುದು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿದೆ. ಅಮ್ಮನಿಗೆ ಅಂಥದ್ದೇ ಸಾಕು. ಜೊತೆಗೆ ರೋಮಿಂಗ್ ಚಾಲೂ ಆಗಿದೆಯೇ ಕೇಳಿ. ಅದಕ್ಕೆ ಬೇರೆ ರೀಚಾರ್ಜ್ ಬೇಕಾಗಬಹುದು.

ಅಮ್ಮಂದಿರಿಗೆ ಸೆಟ್ಟಿಂಗ್ಸ್ ಹೇಳಿಕೊಡುವ ಬದಲು ಮಾಡಿಕೊಟ್ಟುಬಿಡಿ. ಆಮೇಲೆ ಒಂದು ಚೀಟಿಯಲ್ಲಿ ಅಲ್ಲಿನ ಮನೆ ವಿಳಾಸ, ಮಗಳ ನಂಬರ್ +1 ಸೇರಿಸಿ ಇಂಗ್ಲಿಷಿನಲ್ಲಿ ಬರೆದು ಕೈಗೆ ಕೊಡಿ. ಬ್ಯಾಟರಿ ಸತ್ತ ಫೋನಿಗೆ ಯಾವ ಪ್ಯಾಕೂ ಇಲ್ಲ.

ಬೇರೆ ಸಿಮ್ ಹಾಕಿದ್ರೆ ವಾಟ್ಸಪ್ ನಂಬರ್ ಬದಲಾಗುತ್ತಾ?

ಇಲ್ಲ. ನಂಬರ್ ಬದಲಿಸಲೇ ಅಂತ ವಾಟ್ಸಪ್ ಕೇಳಿದರೆ ಬೇಡ ಅನ್ನಿ, ಹಳೆಯದೇ ಮುಂದುವರಿಯುತ್ತದೆ.

ದುಬೈನಲ್ಲಿ ವಾಟ್ಸಪ್ ಕಾಲ್ ಹೋಗಲ್ಲ ಅಂತಾರೆ, ನಿಜವಾ?

ಅಲ್ಲಿನ ಸಿಮ್, ಅಲ್ಲಿನ ವೈಫೈಯಲ್ಲಿ ವಾಟ್ಸಪ್ ಕರೆಗೆ ಬಹುಕಾಲದಿಂದ ತಡೆ ಇದೆ. ಮೆಸೇಜು, ಫೋಟೊ, ದನಿ ಸಂದೇಶ ಹೋಗುತ್ತವೆ. ಅಲ್ಲಿರುವ ನಮ್ಮ ಭಟ್ಕಳ, ಮಂಗಳೂರಿನವರು ಬಳಸುವುದು ಬೋಟಿಮ್‌ನಂಥ ಪರವಾನಗಿ ಪಡೆದ ಆ್ಯಪ್. ಮನೆಯವರ ಫೋನಿನಲ್ಲೂ ಅದು ಇರಬೇಕು, ಹೊರಡುವ ಮೊದಲೇ ಹಾಕಿಕೊಡಿ.

ಭಾರತದ ರೋಮಿಂಗ್ ಪ್ಯಾಕ್‌ನಲ್ಲಿ ಕರೆ ಹೋಗುವುದುಂಟು. ರೋಮಿಂಗ್ ಡೇಟಾ ಸಾಮಾನ್ಯವಾಗಿ ನಿಮ್ಮ ಕಂಪನಿಯ ಭಾರತದ ಜಾಲಕ್ಕೆ ಬಂದು, ಅಲ್ಲಿಂದ ಇಂಟರ್‌ನೆಟ್‌ಗೆ ಹೋಗುತ್ತದೆ. ಸಾಗರದಿಂದ ಸೊರಬಕ್ಕೆ ಹೊರಟವರು ಬೆಂಗಳೂರು ಮುಟ್ಟಿ ಬಂದ ಹಾಗೆ. ಅದಕ್ಕೇ ರೋಮಿಂಗ್ ನೆಟ್ ಒಂಚೂರು ನಿಧಾನ, ಅದಕ್ಕೇ ಅಲ್ಲಿನ ತಡೆಗಳು ಎಷ್ಟೋ ಸಲ ತಟ್ಟುವುದಿಲ್ಲ. ಆದರೂ ಇದನ್ನೇ ನಂಬಿ ಕೂರಬೇಡಿ.

ಚೀನಾಕ್ಕೆ?

ಇದೇ ಕಾರಣಕ್ಕೆ ಅಲ್ಲಿಗೆ ರೋಮಿಂಗ್ ಪ್ಯಾಕೇ ಒಳ್ಳೆಯದು. ಗೂಗಲ್, ವಾಟ್ಸಪ್, ಫೇಸ್‌ಬುಕ್ ಅಲ್ಲಿನ ಸಿಮ್‌ನಲ್ಲಿ, ಹೋಟೆಲ್ ವೈಫೈಯಲ್ಲಿ ತೆರೆಯುವುದಿಲ್ಲ. ಯಂತ್ರ ನೋಡಲೋ ಮಾಲು ತರಲೋ ಗ್ವಾಂಗ್‌ಝೌಗೆ ಹೋಗುವ ವ್ಯಾಪಾರಸ್ಥರಿಗೆ ಅಲ್ಲಿನವರ ಜೊತೆ ಮಾತಿಗೆ ವಿಚಾಟ್ ಬೇಕೇ ಬೇಕು. ಅದರ ಖಾತೆಯನ್ನೂ ಇಲ್ಲೇ ಮಾಡಿಕೊಳ್ಳಿ.

ಯುರೋಪ್ ಟೂರ್. ಪ್ಯಾರಿಸ್, ಸ್ವಿಸ್, ಇಟಲಿ. ಪ್ರತಿ ದೇಶಕ್ಕೂ ಸಿಮ್ ಬೇಕಾ?

ಬೇಡ. ಯುರೋಪಿಯನ್ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ರೋಮಿಂಗ್‌ಗೆ ಹೆಚ್ಚುವರಿ ಹಣ ಇಲ್ಲ. ಫ್ರಾನ್ಸ್‌ನಲ್ಲಿ ಕೊಂಡ ಸಿಮ್ ಇಟಲಿ, ಜರ್ಮನಿಯಲ್ಲೂ ಅದೇ ದರಕ್ಕೆ ನಡೆಯುತ್ತದೆ, ಮಿತಿಯೊಳಗೆ. ನಾರ್ವೆ, ಐಸ್‌ಲ್ಯಾಂಡ್‌ಗೂ ಇದು ಅನ್ವಯ.

ಸ್ವಿಟ್ಜರ್ಲೆಂಡ್‌ಗೆ ಮಾತ್ರ ಇಲ್ಲ! ನಮ್ಮ ಕಡೆಯ ಯುರೋಪ್ ಟೂರ್‌ಗಳಲ್ಲಿ ಸ್ವಿಸ್ ಇಲ್ಲದ್ದು ವಿರಳ, ಹಿಮದ ಮೇಲೆ ನಿಂತು ಮನೆಗೆ ವಿಡಿಯೊ ಕಾಲ್ ಮಾಡದೆ ಬರುವವರೂ ವಿರಳ. ವೀಸಾ ಒಂದೇ ಇದ್ದರೂ ಮೊಬೈಲ್ ನಿಯಮ ಬೇರೆ. ಬ್ರಿಟನ್ ಕೂಡ ಒಕ್ಕೂಟದಿಂದ ಹೊರಬಿದ್ದ ಮೇಲೆ ಈ ನಿಯಮದೊಳಗಿಲ್ಲ. ‘ಯುರೋಪ್ ಪ್ಯಾಕ್’ ಅಂತ ಹೆಸರಿದ್ದರೂ ದೇಶಗಳ ಪಟ್ಟಿಯಲ್ಲಿ ಈ ಎರಡು ಹೆಸರು ಹುಡುಕಿ.

ಜರ್ಮನಿಗೆ ಓದಲು ಹೋಗುವವರಿಗೆ: ಅಲ್ಲಿ ಪ್ರೀಪೇಯ್ಡ್ ಸಿಮ್‌ಗೂ ಗುರುತು ದೃಢೀಕರಣ ಕಡ್ಡಾಯ, ಅದಕ್ಕೆ ಒಂದೆರಡು ದಿನ ಹಿಡಿದರೂ ಹಿಡಿಯಿತು. ಮೊದಲ ವಾರಕ್ಕೆ ಒಂದು ಇ-ಸಿಮ್ ಜೊತೆಗಿರಲಿ.

ಥಾಯ್ಲೆಂಡ್, ವಿಯೆಟ್ನಾಂ, ಶ್ರೀಲಂಕಾ?

ಇಲ್ಲೆಲ್ಲ ವಿಮಾನ ನಿಲ್ದಾಣದ ಕೌಂಟರಿನಲ್ಲೇ ಪ್ರವಾಸಿಗರ ಸಿಮ್ ಸುಲಭವಾಗಿ ಸಿಗುತ್ತದೆ. ಪಾಸ್‌ಪೋರ್ಟ್ ಕೊಟ್ಟರೆ ಅವರೇ ಹಾಕಿ, ನೆಟ್ ಬರುವುದನ್ನು ತೋರಿಸಿ ಕೊಡುತ್ತಾರೆ. ಥಾಯ್ಲೆಂಡ್‌ನಲ್ಲಿ ಎಐಎಸ್, ಟ್ರೂ. ವಿಯೆಟ್ನಾಂನಲ್ಲಿ ವಿಯೆಟೆಲ್, ವಿನಾಫೋನ್. ಶ್ರೀಲಂಕಾದಲ್ಲಿ ಡಯಲಾಗ್, ಮೊಬಿಟೆಲ್. ಗುಂಪಿನಲ್ಲಿ ಹೋದಾಗ ಮೂವತ್ತು ಜನ ಒಂದೇ ಕೌಂಟರಿಗೆ ನಿಂತರೆ ಬಸ್ಸು ಕಾಯುವುದಿಲ್ಲ, ಗೈಡ್ ಮುಖ ದಪ್ಪ ಮಾಡುತ್ತಾನೆ. ಗುಂಪಿನವರಿಗೆ ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಹೋಗಿ ಅಂತಲೇ ಹೇಳುತ್ತೇನೆ.

ಮುಕ್ತಿನಾಥ, ಪಶುಪತಿನಾಥ ಯಾತ್ರೆ. ನೇಪಾಳಕ್ಕೆ ವೀಸಾ ಬೇಡ, ನಮ್ಮ ಸಿಮ್ ನಡೆಯುತ್ತಲ್ವಾ?

ವೀಸಾ ಬೇಡ ಅನ್ನುವುದಕ್ಕೂ ಸಿಮ್‌ಗೂ ಸಂಬಂಧವಿಲ್ಲ. ಗಡಿ ದಾಟಿದರೆ ರೋಮಿಂಗೇ. ಗಡಿಯ ಈಚೆಗಿರುವಾಗಲೇ ಫೋನು ಆಚೆಯ ಟವರ್ ಹಿಡಿಯುವುದೂ ಉಂಟು. ಅಲ್ಲಿ ಎನ್‌ಸೆಲ್, ನೇಪಾಳ ಟೆಲಿಕಾಂ ಸಿಮ್ ಸಿಗುತ್ತವೆ. ಮುಕ್ತಿನಾಥದ ಎತ್ತರಕ್ಕೆ ಹೋದಂತೆ ಸಿಗ್ನಲ್ ಬಂದಾಗ ಬಂತು, ಹೋದಾಗ ಹೋಯಿತು. ಮಲೆನಾಡಿನವರಿಗೆ ಅದೇನೂ ಹೊಸ ಅನುಭವವಲ್ಲ ಬಿಡಿ.

ಉಮ್ರಾಕ್ಕೆ ಹೊರಟಿದ್ದೀವಿ.

ಸೌದಿಯಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್ ಮುಖ್ಯ ಕಂಪನಿಗಳು. ಸಿಮ್ ಕೊಳ್ಳಲು ಪಾಸ್‌ಪೋರ್ಟ್, ಬೆರಳಚ್ಚು ಬೇಕು. ಮದೀನಾದಲ್ಲಿ ಪ್ರವಾದಿಯವರ ಮಸೀದಿಯೊಳಗಿನ ರೌಝಾ ಭೇಟಿಗೆ ನುಸುಕ್ ಆ್ಯಪ್‌ನಲ್ಲಿ ಅನುಮತಿ ಪಡೆಯಬೇಕು, ಆದ್ದರಿಂದ ಮನೆಯ ಹಿರಿಯರ ಫೋನಿಗೂ ನೆಟ್ ಇರಬೇಕು. ಜನಜಂಗುಳಿಯಲ್ಲಿ ಕರೆ ಸಿಗದೇ ಹೋದರೂ ಮೆಸೇಜ್ ಹೋಗುತ್ತದೆ. ಕುಟುಂಬದವರು ಸೇರುವ ಜಾಗ, ಗೇಟಿನ ನಂಬರ್ ಮೊದಲೇ ಮಾತಾಡಿಕೊಳ್ಳಿ.

ವಿಮಾನ ಹಾರುವಾಗ ಫೋನಿಗೆ ಸಿಗ್ನಲ್ ಬಂತು. ಬಳಸಬಹುದಾ?

ಪ್ಯಾಕಿನಲ್ಲಿ ‘ಇನ್-ಫ್ಲೈಟ್’ ಅಂತ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಬೇಡ. ಕೆಲವು ವಿಮಾನಗಳಲ್ಲಿ, ಕ್ರೂಸ್ ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಬೇರೆಯೇ ನೆಟ್‌ವರ್ಕ್ ಇರುತ್ತದೆ. ನೀವು ಹೋಗುವ ದೇಶದ ಪ್ಯಾಕ್ ಅದಕ್ಕೆ ಲಾಗುವಾಗುವುದಿಲ್ಲ, ದರ ಗಾಬರಿ ಹುಟ್ಟಿಸುವಂಥದ್ದು. ಏರೋಪ್ಲೇನ್ ಮೋಡ್ ಹಾಕಿ, ಬೇಕಿದ್ದರೆ ವೈಫೈ ಮಾತ್ರ ಆನ್ ಮಾಡಿ. ಸಿಂಗಾಪುರದಿಂದ ಕ್ರೂಸ್ ಹತ್ತುವವರು ಇದನ್ನು ಎರಡು ಸಲ ಓದಿ.

ಇಳಿದ ಮೇಲೆ ನೆಟ್ ಬರಲೇ ಇಲ್ಲ. ಈಗ?

ಏರೋಪ್ಲೇನ್ ಮೋಡ್ ಹಾಕಿ ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಬರಲಿಲ್ಲವೇ, ಫೋನ್ ಆಫ್ ಮಾಡಿ ಆನ್ ಮಾಡಿ. ಮೊಬೈಲ್ ಡೇಟಾಕ್ಕೆ ಯಾವ ಸಿಮ್ ಆಯ್ಕೆಯಾಗಿದೆ, ಅದರ ಡೇಟಾ ರೋಮಿಂಗ್ ಆನ್ ಇದೆಯೇ ನೋಡಿ. ಆಮೇಲೆ ನೆಟ್‌ವರ್ಕ್ ಆಯ್ಕೆಯನ್ನು ‘ಆಟೊಮ್ಯಾಟಿಕ್’ ಬಿಟ್ಟು ಪಟ್ಟಿ ತೆರೆಯಿರಿ. ನಿಮ್ಮ ಪ್ಯಾಕ್ ಆ ದೇಶದ ಒಂದೋ ಎರಡೋ ಕಂಪನಿಯ ಜೊತೆ ಮಾತ್ರ ನಡೆಯುವಂಥದ್ದಾಗಿದ್ದು, ಫೋನು ಮೂರನೆಯದನ್ನು ಹಿಡಿದು ಕೂತಿರಬಹುದು. ಕೊನೆಗೆ ಎಪಿಎನ್ ನೋಡಿ, ಅಂದರೆ ನೆಟ್‌ಗೆ ಸೇರಲು ಸೆಟ್ಟಿಂಗ್ಸ್‌ನಲ್ಲಿ ಹಾಕುವ ಹೆಸರು. ಅದು ಪ್ಯಾಕ್ ಕೊಟ್ಟವರ ಮೇಲ್‌ನಲ್ಲಿರುತ್ತದೆ. ನೆಟ್ ಇಲ್ಲದಾಗ ಮೇಲ್ ತೆರೆಯದು, ಹೊರಡುವ ಮೊದಲೇ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಕಂಪನಿಯ ಸಹಾಯವಾಣಿಯ ವಿದೇಶಿ ನಂಬರೂ ಅದೇ ಚಿತ್ರದಲ್ಲಿ ಬರಲಿ, ಇಲ್ಲಿನ ಮೂರಂಕಿಯ ನಂಬರ್ ಅಲ್ಲಿ ಹೋಗುವುದಿಲ್ಲ.

ಊರಿಗೆ ವಾಪಸ್ ಬಂದ ಮೇಲೆ ಏನಾದ್ರೂ ಮಾಡ್ಬೇಕಾ?

ಡೇಟಾವನ್ನು ಊರಿನ ಸಿಮ್‌ಗೆ ಬದಲಿಸಿ, ನೆಟ್‌ವರ್ಕ್ ಆಯ್ಕೆ ಮತ್ತೆ ಆಟೊಮ್ಯಾಟಿಕ್‌ಗೆ ಹಾಕಿ. ತಾನಾಗಿ ನವೀಕರಣವಾಗುವ ಪ್ಯಾಕ್ ಆಗಿದ್ದರೆ ರದ್ದು ಮಾಡಿ. ಪೋಸ್ಟ್‌ಪೇಯ್ಡ್‌ನವರು ಮುಂದಿನ ಎರಡು ಬಿಲ್ ಗಮನಿಸಿ, ರೋಮಿಂಗ್ ಲೆಕ್ಕ ತಡವಾಗಿ ಸೇರುವುದುಂಟು. ಪಾಸ್‌ಪೋರ್ಟ್ ಹೊದಿಕೆಯಲ್ಲಿ ಅಂಟಿಸಿದ ಬಿಎಸ್ಎನ್ಎಲ್ ಸಿಮ್ ಅನ್ನು ಶಿವಮೊಗ್ಗ ಬಿಟ್ಟು ಆಯನೂರು ದಾಟುವ ಮೊದಲೇ ಫೋನಿಗೆ ಹಾಕಿಕೊಳ್ಳಿ, ಮನೆಯವರು ಬಸ್‌ಸ್ಟ್ಯಾಂಡಿಗೆ ಗಾಡಿ ತರಬೇಕಲ್ಲ.